ಐದು ಹಡಗುಗಳ ಪ್ರಭಾರ ವಹಿಸಿಕೊಂಡ ಬಗ್ಗೆ

ಓದುಗರ ಅವಗಾಹನೆಗೆ ಮೊದಲಿಗೇ ತರಬಯಸುವುದೇನೆಂದರೆ, ನಾನು ಇದುವರೆಗೆ ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದವನಲ್ಲ. ಜೇವರ್ಗಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಹಲವು ವರ್ಷಗಳಿಂದ ಕರ್ತವ್ಯ ನಿರ್ವಹಿಸುತ್ತಿದ್ದೇನೆ. ವಿಷಯ ಮೇಲೆ, ವಿವರ ನಡುವೆ, ಕೋರಿಕೆ ಕೊನೆಯಲ್ಲಿ ಬರಬೇಕೆಂಬುದಷ್ಟೇ ನನಗೆ ತಿಳಿದ ಬರವಣಿಗೆ. ಈ ಬರಹದಲ್ಲಿ ಯಾವ ಕೋರಿಕೆಯೂ ಇಲ್ಲ. ಆದ್ದರಿಂದ ಇದನ್ನು ಎಲ್ಲಿಗೆ ಕೊಂಡೊಯ್ದು ನಿಲ್ಲಿಸಬೇಕೆಂದು ತಿಳಿಯದೆ ನಾಲ್ಕು ಬಾರಿ ಆರಂಭಿಸಿ ಹರಿದುಹಾಕಿದ್ದೇನೆ. ಇದು ಐದನೆಯದು. ತಪ್ಪುಗಳಿದ್ದಲ್ಲಿ ಮನ್ನಿಸಬೇಕು.

ವಿಷಯವು ಒಂದು ಕಂಪ್ಯೂಟರ್ ಆಟಕ್ಕೆ ಸಂಬಂಧಿಸಿದ್ದು. ಹಡಗುಗಳ ಆಟ. ಅಂತರ್ಜಾಲದ ಮೂಲಕ ಬೇರೆ ಬೇರೆ ಊರುಗಳಲ್ಲಿರುವವರು ಒಂದೇ ಸಮುದ್ರದಲ್ಲಿ ತಮ್ಮ ತಮ್ಮ ಹಡಗು ನಡೆಸುತ್ತ, ಸರಕು ಸಾಗಿಸುತ್ತ, ಜೊತೆಗೂಡಿ ಬಂದರು ಕಟ್ಟಿಕೊಳ್ಳುವ ಆಟ. ಕಲಬುರಗಿಯಲ್ಲಿ ಕಾಲೇಜು ಓದುತ್ತಿದ್ದಾಗ, ಬಸ್ ನಿಲ್ದಾಣದ ಹಿಂದಿನ ಸೈಬರ್ ಕೆಫೆಯೊಂದರಲ್ಲಿ ಇದನ್ನು ಕಲಿತೆವು. ಆಳಂದ, ಅಫಜಲಪುರ, ಜೇವರ್ಗಿ ಕಡೆಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದ ನಾವು ನಮ್ಮ ಬಸ್ಸು ಬರುವ ತನಕ ಅಲ್ಲಿ ಕುಳಿತಿರುತ್ತಿದ್ದೆವು. ನಮ್ಮಲ್ಲಿ ಒಬ್ಬರೂ ಸಮುದ್ರ ಕಂಡವರಿರಲಿಲ್ಲ. ನಾವು ನೋಡಿದ್ದ ದೊಡ್ಡ ನೀರೆಂದರೆ ಭೀಮಾ ಹೊಳೆ, ಅದೂ ಮಳೆ ಬಿದ್ದ ವರ್ಷ. ಆದರೂ ನಲವತ್ತು ಹಡಗುಗಳ ಬಂದರು ಕಟ್ಟಿದೆವು. ಬಾಗಿಲಿಗೆ ಎರಡೂ ಕಡೆ ದೀಪಸ್ತಂಭ ನಿಲ್ಲಿಸಿದೆವು. ಬಂದರಿಗೆ ಒಬ್ಬ ಕಾರ್ಯದರ್ಶಿ ಬೇಕೆಂದು ಆಟದ ನಿಯಮವಿತ್ತು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಆ ಹುದ್ದೆ ನನಗೆ ಬಂತು. ಕಂಪ್ಯೂಟರಿನಲ್ಲಿ ಎಲ್ಲರ ಅಕ್ಷರವೂ ಒಂದೇ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಮುಂದೆ ಆಟವನ್ನು ತಯಾರಿಸಿದ ಸಂಸ್ಥೆ ಅದನ್ನು ಕೈಬಿಟ್ಟಿತು. ದೂರದ ದೇಶದ ಕೆಲವು ಹಳೆಯ ಆಟಗಾರರು ಅದನ್ನು ತಮ್ಮ ಯಂತ್ರಗಳಲ್ಲಿ ಇಟ್ಟುಕೊಂಡು ಸಾಕುತ್ತ ಬಂದರು. ಅವರ ಬಳಿ ಇದ್ದ ಜಾಗ ಕಡಿಮೆ. ಆದ್ದರಿಂದ ಒಂದು ನಿಯಮ ಮಾಡಿದರು. ಪ್ರತಿ ಭಾನುವಾರ ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆಯೊಳಗೆ ಏಳು ಹಡಗುಗಳು ಒಟ್ಟಿಗೆ ಬಾಗಿಲ ಮುಂದೆ ನಿಂತು ದೀಪ ಹೊತ್ತಿಸಬೇಕು. ಏಳು ಸೇರದಿದ್ದರೆ ಬಾಗಿಲು ತೆರೆಯುವುದಿಲ್ಲ. ಸತತ ನಾಲ್ಕು ಭಾನುವಾರ ತೆರೆಯದಿದ್ದರೆ ಬಂದರನ್ನು ಅಳಿಸಲಾಗುತ್ತದೆ.

ಆ ವೇಳೆಗೆ ನಾವು ನಲವತ್ತು ಜನ ಏಳಕ್ಕೆ ಇಳಿದಿದ್ದೆವು. ಅಫಜಲಪುರದಲ್ಲಿ ಗೊಬ್ಬರದ ಅಂಗಡಿ ನಡೆಸುವ ಗೆಳೆಯ, ಇನ್ನು ನಾಲ್ವರು ಗಂಡಸರು, ನಾನು, ಮತ್ತು ಟೀಚರ್.

ಟೀಚರ್ ಬಗ್ಗೆ ಪ್ರತ್ಯೇಕವಾಗಿ ನಮೂದಿಸುವುದು ಅವಶ್ಯ. ಅವರು ಆಳಂದ ಕಡೆಯ ಸರಸಂಬಾದವರು. ಕೆಫೆಯಲ್ಲಿ ಗೋಡೆಗೆ ಮುಖ ಮಾಡಿದ ಮೂಲೆಯ ಕಂಪ್ಯೂಟರಿನಲ್ಲಿ ಕೂರುತ್ತಿದ್ದರು. ಆಟದೊಳಗೆ ಗಾಳಿ ಯಾವಾಗ ತಿರುಗುತ್ತದೆಂಬುದನ್ನು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದು, ನಾವೆಲ್ಲ ಬಂಡೆಗೆ ಬಡಿಯುವ ಮುನ್ನವೇ ಎಚ್ಚರಿಸುತ್ತಿದ್ದರು. ನಂತರ ಆಳಂದದ ಬಳಿಯ ಮಟಕಿಯ ಶಾಲೆಗೆ ಶಿಕ್ಷಕಿಯಾಗಿ ಬಂದರು. ತಾಯಿಯನ್ನೂ ಅಲ್ಲಿಗೇ ಕರೆತಂದು ಬಾಡಿಗೆ ಮನೆಯಲ್ಲಿದ್ದರು. ತಾಯಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಮಟಕಿಯ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದ ಕಾರಣ ಅವರು ಭಾನುವಾರ ಬೆಳಿಗ್ಗೆ ಬಸ್ಸಿಗೆ ಆಳಂದಕ್ಕೆ ಬಂದು, ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಕುಳಿತು ಹಾಜರಾಗುತ್ತಿದ್ದರು.

ನಮ್ಮವರು ಗುಪ್ತಪದ ಮರೆಯುವುದರಲ್ಲಿ ಪಳಗಿದವರು. ಆದ್ದರಿಂದ ಅವನ್ನೆಲ್ಲ ನಾನೇ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೆ. ಒಂದು ಭಾನುವಾರ ಗೊಬ್ಬರದಂಗಡಿಯ ಗೆಳೆಯ ಫೋನ್ ಮಾಡಿದ.

“ಲೇ ಕ್ಲರ್ಕ್ ಸಾಹೇಬ, ಇವತ್ತ ತೊಗರಿ ಬೀಜಕ್ಕ ಮಂದಿ ಪಾಳಿ ಹಚ್ಯಾರ. ಉಸಿರಾಡಾಕ ಪುರಸೊತ್ತಿಲ್ಲ. ನಂದೂ ನೀನ ಹಚ್ಚಿಬಿಡು ದೀಪ.”

“ನಿನ್ನ ಹೆಸರಿನ್ಯಾಗ ನಾ ಹೆಂಗ ಹಚ್ಚಲಿ?”

“ಆಫೀಸಿನ್ಯಾಗ ಸಾಹೇಬ್ರ ಸಹಿ ನೀ ಹಾಕಂಗಿಲ್ಲೇನು? ಹಂಗ ಹಾಕು.”

ಸಾಹೇಬರ ಸಹಿಯನ್ನು ನಾನು ಹಾಕುವುದಿಲ್ಲ. ಅವರ ‘ಪರವಾಗಿ’ ನನ್ನದನ್ನು ಹಾಕುತ್ತೇನೆ. ಆ ವ್ಯತ್ಯಾಸವನ್ನು ಅವನಿಗೆ ವಿವರಿಸಲು ಹೋಗಲಿಲ್ಲ. ನನ್ನ ಕಚೇರಿಯಲ್ಲಿ ಹುದ್ದೆಯೊಂದು ಖಾಲಿಯಾದರೆ ಯಾರೂ ಗಾಬರಿಯಾಗುವುದಿಲ್ಲ. ಪಕ್ಕದ ಮೇಜಿನವನಿಗೆ ಪ್ರಭಾರ ಕೊಡುತ್ತಾರೆ. ನಾನೇ ಒಮ್ಮೆ ಮೂರು ಮೇಜುಗಳ ಪ್ರಭಾರದಲ್ಲಿದ್ದು, ಒಂದು ಮೇಜಿನಿಂದ ಇನ್ನೊಂದಕ್ಕೆ ಟಿಪ್ಪಣಿ ಬರೆದು, ಆ ಮೇಜಿಗೆ ಎದ್ದು ಹೋಗಿ, ಅದನ್ನು ನಾನೇ ಅನುಮೋದಿಸಿದ್ದುಂಟು. ಅದರಿಂದ ಯಾರ ಕೆಲಸವೂ ನಿಂತಿರಲಿಲ್ಲ. ಇದೂ ಹಾಗೆಯೇ ಎಂದು ಭಾವಿಸಿ ಗೆಳೆಯನ ಹಡಗನ್ನು ಇನ್ನೊಂದು ಕಿಟಕಿಯಲ್ಲಿ ತೆರೆದೆ. ಆಟ ಹಳೆಯದಾದ್ದರಿಂದ ಒಂದೇ ಕಂಪ್ಯೂಟರಿನಲ್ಲಿ ಎಷ್ಟು ಕಿಟಕಿ ತೆರೆದರೂ ನಡೆಯುತ್ತಿತ್ತು.

ಅದು ಒಂದು ಭಾನುವಾರದ ಮಟ್ಟಿಗೆ ಕೊಟ್ಟ ಪ್ರಭಾರ. ಅವನು ಮರಳಿ ಬರಲಿಲ್ಲ. ಅವನ ಹಿಂದೆ ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಯಾರೂ ಬಿಡುತ್ತೇನೆಂದು ಹೇಳಲಿಲ್ಲ. ಹೇಳಿದ್ದರೆ ನಾನು ಬಹುಶಃ ಟೀಚರಿಗೆ ತಿಳಿಸುತ್ತಿದ್ದೆ. ಐವರ ಹಡಗುಗಳೂ ನನ್ನ ಪ್ರಭಾರಕ್ಕೆ ಬಂದವು. ನನ್ನದು ಸೇರಿ ಆರು. ಏಳನೆಯವರಾಗಿ ನಿಜವಾಗಿ ಬರುತ್ತಿದ್ದವರು ಟೀಚರ್ ಒಬ್ಬರೇ.

ಹಡಗುಗಳು ಸುಮ್ಮನೆ ನಿಂತರೆ ಅನುಮಾನ ಬರುತ್ತದೆಂದು ಚಾಟ್ ಎನ್ನುವ ಹರಟೆಯ ಕಿಟಕಿಯಲ್ಲಿ ಐವರಿಂದಲೂ ಮಾತಾಡಿಸಿದೆ. ಗೊಬ್ಬರದಂಗಡಿಯವನು ಗಿರಾಕಿಗಳನ್ನು ಹಾಸ್ಯ ಮಾಡುತ್ತಿದ್ದ. ಮತ್ತೊಬ್ಬ ಊಟದ ಸುದ್ದಿ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಇನ್ನೊಬ್ಬ ತಡವಾಗಿ ಬಂದು ಎಲ್ಲರಿಂದ ಬೈಸಿಕೊಳ್ಳುತ್ತಿದ್ದ. ಟೀಚರ್ ನಗುತ್ತಿದ್ದರು. ನಾನೂ ನಗುತ್ತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ನಿಜವಾದ ಗೆಳೆಯರಿಗಿಂತ ಈ ಐವರು ಮಾತಿಗೆ ಸಿಗುವವರಾಗಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಭಾನುವಾರ ತಪ್ಪಿಸುತ್ತಿರಲಿಲ್ಲ.

ಒಂದು ದಿನ ಚಹಾ ತಂದ ನನ್ನ ಹೆಂಡತಿ ಹಿಂದೆ ನಿಂತು ಬಹಳ ಹೊತ್ತು ನೋಡಿದಳು.

“ಇವರೆಲ್ಲಾ ಎಲ್ಲದಾರ್ರಿ?”

“ಅವರವರ ಊರಾಗ ಅದಾರ.”

“ಮತ್ತ ಎಲ್ಲಾರ ಮಾತೂ ನೀವ ಬರಿಯಾಕತ್ತೀರಲ್ಲ?”

“ಅವರಿಗೆ ಟೈಮ್ ಇಲ್ಲ.”

“ಆ ಹೆಣ್ಣುಮಗಳಿಗೆ ಗೊತ್ತದನು?”

ನಾನು ಇನ್ನೊಂದು ಕಿಟಕಿಗೆ ಹೋಗಿ ಬರೆಯತೊಡಗಿದೆ. ಅವಳು ಚಹಾ ಇಟ್ಟು, “ನನಗ ಇದು ಅಂಜಿಕಿ ಬರ್ತದ್ರಿ. ಜಲ್ದಿ ಹೇಳಿಬಿಡ್ರಿ ಆಕಿಗೆ,” ಎಂದು ಹೊರಟುಹೋದಳು.

ಹೇಳಲಿಲ್ಲ. ಅದಕ್ಕೆ ಬದಲಾಗಿ ಮಾಡಿದ್ದನ್ನು ಇಲ್ಲಿ ದಾಖಲಿಸಲೇಬೇಕು. ತಾಯಿಯ ಆರೋಗ್ಯ ಕೆಡುತ್ತ ಬಂದಾಗ ಟೀಚರ್ ಇನ್ನು ಮುಂದೆ ಪ್ರತಿ ವಾರ ಆಳಂದಕ್ಕೆ ಬರುವುದು ಕಷ್ಟವೆಂದು ನನಗೊಬ್ಬನಿಗೇ ಬರೆದರು. ಬಂದರಿನ ಕಾರ್ಯದರ್ಶಿಯಾಗಿ ನಾನು ಉತ್ತರ ಕಳುಹಿಸಿದೆ. ಅದರ ಒಂದು ವಾಕ್ಯ ನನಗೆ ಬಾಯಿಪಾಠವಾಗಿದೆ: “ತಾವು ಗೈರುಹಾಜರಾದಲ್ಲಿ ಉಳಿದ ಆರು ಜನರಿಗೆ ಬಾಗಿಲು ತೆರೆಯದೆ ತೊಂದರೆಯಾಗುವುದರಿಂದ, ದಯವಿಟ್ಟು ತಪ್ಪದೇ ಹಾಜರಾಗಲು ಕೋರಿದೆ.” ಅವರು ತಾಯಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಮುಂದಿನ ಭಾನುವಾರವೂ ಬಂದರು, ಅದರ ಮುಂದಿನದಕ್ಕೂ ಬಂದರು.

ತಾಯಿ ತೀರಿಕೊಂಡದ್ದು ಒಂದು ಬುಧವಾರ. ದಿನಕರ್ಮ ಮುಗಿದ ಮೇಲಿನ ಭಾನುವಾರ ಟೀಚರ್ ಬಾಗಿಲ ಮುಂದೆ ಬಂದು ಹರಟೆಯಲ್ಲಿ ಒಂದೇ ಸಾಲು ಬರೆದರು: ನಮ್ಮವ್ವ ಹೋದಳು.

ಒಂದು ಸಾವಿರ ಸಲ ಯೋಚಿಸಿದ್ದೇನೆ. ಆಗ ಐದು ಕಿಟಕಿಗಳನ್ನೂ ಮುಚ್ಚಿಬಿಡಬಹುದಾಗಿತ್ತು. ಆದರೆ ಅಂಥ ಸುದ್ದಿ ಕೇಳಿ ಆರು ಜನರಲ್ಲಿ ಐವರು ಸುಮ್ಮನಿದ್ದರೆ ಅವರ ಮನಸ್ಸಿಗೆ ಏನಾಗಬೇಡ ಎಂದು ಹೆದರಿದೆ. ಒಬ್ಬೊಬ್ಬರ ಹೆಸರಿನಲ್ಲೂ ಬೇರೆ ಬೇರೆ ಮಾತು ಬರೆದೆ. ಗೊಬ್ಬರದಂಗಡಿಯವನ ಹೆಸರಿನಲ್ಲಿ ಬರೆದದ್ದು ಎಲ್ಲಕ್ಕಿಂತ ಚೆನ್ನಾಗಿ ಬಂತು; ನನ್ನ ತಾಯಿ ಹೋದಾಗ ನನಗೆ ಅನಿಸಿದ್ದೆಲ್ಲ ಅದರಲ್ಲಿತ್ತು. ತಾಯಿಯ ಸೀರೆ ಹಗ್ಗದ ಮೇಲೆ ಒಣಗಿದ್ದನ್ನು ತೆಗೆಯಲು ಆರು ದಿನ ಕೈ ಬರಲಿಲ್ಲವೆಂದು ಬರೆದಿದ್ದೆ. ಕೊನೆಗೆ ನನ್ನ ಹೆಸರಿನಲ್ಲಿ ಬರೆಯಲು ಏನೂ ಉಳಿಯದೆ “ತೀವ್ರ ಸಂತಾಪ ವ್ಯಕ್ತಪಡಿಸುತ್ತೇನೆ” ಎಂದಷ್ಟೇ ಬರೆದೆ.

ನಮ್ಮ ಕಡೆ ಸಾವಾದ ಮನೆಗೆ ಹೋಗಿ ಮಾತಾಡಿಸಿ ಬರುವ ಪದ್ಧತಿಯಿದೆ. ದೂರವಿರಲಿ, ಪರಿಚಯ ಕಡಿಮೆಯಿರಲಿ, ಮನೆಗೆ ಹೋಗಿ ಚಾಪೆಯ ಮೇಲೆ ಸ್ವಲ್ಪ ಹೊತ್ತು ಕೂರಬೇಕು. ಏನಾಯಿತು, ಹೇಗಾಯಿತು ಎಂದು ಕೇಳಬೇಕು. ಮನೆಯವರು ಬಂದವರಿಗೆಲ್ಲ ಮೊದಲಿನಿಂದ ಹೇಳಬೇಕು. ಕಲಬುರಗಿಯಲ್ಲಿ ಬಸ್ ಬದಲಿಸಿದರೆ ಮಟಕಿ ನನಗೆ ಅರ್ಧ ದಿನದ ಪ್ರಯಾಣವೂ ಅಲ್ಲ. ನಾನು ಹೋಗಲಿಲ್ಲ. ಮುಖ ಕಂಡರೆ ನಿಜ ಬಾಯಿಗೆ ಬರುತ್ತದೆ, ಬಂದರು ಹೋಗುತ್ತದೆ ಎಂಬ ಭಯದಿಂದ ಹೋಗಲಿಲ್ಲ.

ಕೆಲವು ತಿಂಗಳ ನಂತರ ಕಚೇರಿಯಲ್ಲಿದ್ದಾಗ ಗೊಬ್ಬರದಂಗಡಿಯ ಗೆಳೆಯನ ಫೋನ್ ಬಂತು. ಆಳಂದದಲ್ಲಿ ಸಂಬಂಧಿಕರ ಮನೆಯ ಕುಬಸಕ್ಕೆ, ಅಂದರೆ ಸೀಮಂತದ ಊಟಕ್ಕೆ ಬಂದಿದ್ದ. ಹಿಂದೆ ಪಾತ್ರೆಗಳ ಸದ್ದು, ಹೆಣ್ಣುಮಕ್ಕಳ ಹಾಡು ಕೇಳುತ್ತಿತ್ತು.

“ಲೇ ಸಾಹೇಬ, ಇಲ್ಲಿ ಟೀಚರ್ ಭೆಟ್ಟಿ ಆಗ್ಯಾರ. ಅವರ ತಾಯಿ ಹೋದಾಗ ನಾ ಏನೋ ಭಾಳ ಚಲೋ ಬರದಿದ್ನಂತ. ಕೈ ಮುಗದು ಹೇಳಾಕತ್ತಾರ. ನಾ ಯಾವಾಗ ಬರದೆನೊ? ಅವರ ತಾಯಿ ಹೋಗಿದ್ದ ನನಗ ಈಗ ಖಬರ್ ಆತು!”

ನಾನು ಮೇಜಿನಿಂದ ಎದ್ದು ವರಾಂಡಕ್ಕೆ ಬಂದೆ.

“ಆಟ ಬಿಟ್ಟು ಎರಡು ವರ್ಷ ಆತ್ರಿ ಅಂದೆ. ‘ಹೋದ ಐತಾರ ಹತ್ತೂವರಿಗೆ ಬಂದಿದ್ರಲ್ಲಾ’ ಅಂತಾರ. ಒಂದ ಐತಾರ ನಡಸಂದ್ರ ನನ್ನ ಭೂತ ಮಾಡಿ ಕುಣಿಸೀಯೇನಲೇ?” ಅವನು ಇನ್ನೂ ನಗುತ್ತಿದ್ದ. ಆಮೇಲೆ ನಗು ನಿಂತಿತು. “ತಡಿ, ಅವರ ಮಾತಾಡ್ತಾರಂತ.”

ಫೋನ್ ಟೀಚರ್ ಕೈಗೆ ಹೋಯಿತು.

“ಅಣ್ಣಾರ, ಉಳಕಿ ನಾಲ್ಕು ಮಂದಿನೂ ನೀವ ಏನ್ರಿ?”

“ಹೌದ್ರಿ.”

ಅವರು ಎಲ್ಲಿಗೋ ನಡೆದು ಹೋದಂತಿತ್ತು. ಹಾಡಿನ ಸದ್ದು ಕಡಿಮೆಯಾಯಿತು.

“ಐತಾರಕ್ಕೊಮ್ಮೆ ಅವ್ವನ್ನ ಬಾಜೂ ಮನಿಯವರ ಕೈಯಾಗ ಕೊಟ್ಟು ಬರ್ತಿದ್ದೆ. ಹೋಗಬ್ಯಾಡ ಅಂತ ಬಲಗೈಲೆ ಸೆರಗು ಹಿಡೀತಿದ್ಲು. ಆರು ಮಂದಿ ಹಾದಿ ಕಾಯ್ತಾರವ್ವಾ ಅಂತ ಬಿಡಿಸ್ಕೊಂಡು ಬರ್ತಿದ್ದೆ. ಆರು ಮಂದಿ.”

“ತಪ್ಪಾತ್ರಿ ಟೀಚರ್.”

“ಅವ್ವ ಹೋದ ಮ್ಯಾಲ ಆರು ಮಂದಿ ಬರದ್ರಲ್ಲ. ಬರ್ತಾರ ಅಂತ ಅನ್ಕೊಂಡಿದ್ದೆ ನಾ. ಒಬ್ಬರರೆ ಮಾತಾಡ್ಸಾಕ ಬರ್ತಾರ ಅಂತ ತಿಂಗಳಗಟ್ಲೆ ಚಾಪಿ ಸುತ್ತಿ ಇಡಲಿಲ್ಲ. ಇಷ್ಟ ಚಂದ ಬರಿಯೋ ಮಂದಿ ಯಾಕ ಬರಲಿಲ್ಲ ಅಂತಿದ್ದೆ. ಈಗ ತಿಳೀತು.”

ಕೊನೆಗೆ ಹೇಳಿದರು: “ಬರೂ ಐತಾರ ನಾ ಬರ್ತೇನಿ. ನೀವು ನಿಮ್ಮದೊಂದ ಹಡಗ ತರ್ರಿ. ಇದ್ದವರಷ್ಟ ಬರಲಿ. ನೋಡೂಣು.”

ಆ ವಾರ ಐವರಿಗೂ ಫೋನ್ ಮಾಡಿದೆ. ಬಂದರು ಉಳಿಯಬೇಕಾದರೆ ಒಂದು ತಾಸು ಬಂದು ನಿಂತರೆ ಸಾಕೆಂದು ವಿನಂತಿಸಿದೆ. ಒಬ್ಬ, “ಆ ಆಟ ಇನ್ನೂ ಅದನ್ರಿ?” ಎಂದು ಕೇಳಿದ. ಒಬ್ಬ ಕಂಪ್ಯೂಟರ್ ಮಾರಿದ್ದ. ಒಬ್ಬ, “ಪಕ್ಕಾ ಬರ್ತೇನ್ರಿ, ಯಾದ್ ಮಾಡ್ರಿ,” ಎಂದ. ಒಬ್ಬ ಫೋನ್ ಎತ್ತಲಿಲ್ಲ. ಗೊಬ್ಬರದಂಗಡಿಯವನು ಮಾತ್ರ ತಾನಾಗಿಯೇ, “ನನ್ನ ಹೆಸರು ಕೆಡಿಸೀದಿ, ಬಂದು ಸಾಫ್ ಮಾಡ್ಕೋತೇನಿ,” ಎಂದ.

ಭಾನುವಾರ ಬಾಗಿಲ ಮುಂದೆ ಮೂರು ಹಡಗು ನಿಂತವು. ಗೆಳೆಯ ಹಡಗು ನಡೆಸುವುದನ್ನೇ ಮರೆತಿದ್ದ. ಎರಡು ಬಾರಿ ದೀಪಸ್ತಂಭಕ್ಕೆ ಗುದ್ದಿದ. ಟೀಚರ್ ಅವನಿಗೆ ಗಾಳಿ ಬಲಕ್ಕಿದೆಯೆಂದು ಬರೆದರು. ಅದು ಬಿಟ್ಟು ಯಾರೂ ಏನೂ ಬರೆಯಲಿಲ್ಲ. ಯಾವಾಗಲೂ ಹರಟೆ ತುಂಬಿರುತ್ತಿದ್ದ ಆ ಕಿಟಕಿ ಖಾಲಿಯಿತ್ತು. ಇಪ್ಪತ್ತು ನಿಮಿಷಕ್ಕೆ ಗೆಳೆಯ ಹೋದ. ಹನ್ನೊಂದೂವರೆಗೆ ಬಾಗಿಲು ತೆರೆಯದೆ ಮೊದಲ ಭಾನುವಾರ ಮುಗಿಯಿತು.

ಎರಡನೆಯದಕ್ಕೆ ಟೀಚರ್ ಮತ್ತು ನಾನು ಇದ್ದೆವು. ಮೂರನೆಯದಕ್ಕೆ ನಾನೊಬ್ಬನೇ.

ನಾಲ್ಕನೆಯ ಭಾನುವಾರದ ಮುನ್ನಾದಿನ, ಕೈಗೊಳ್ಳಬಹುದಾದ ಕ್ರಮದ ಬಗ್ಗೆ ಯೋಚಿಸಿದೆ. ಟೀಚರ್ ಹೆಸರಿನ ಮುಂದೆಯೂ ರಿಜಿಸ್ಟರಿನಲ್ಲಿ ಗುಪ್ತಪದವಿತ್ತು. ಏಳು ಕಿಟಕಿ ತೆರೆದು, ಏಳು ದೀಪ ಹೊತ್ತಿಸಿ, ಇಷ್ಟು ವರ್ಷಗಳ ಬಂದರನ್ನು ಇನ್ನಷ್ಟು ವರ್ಷ ಉಳಿಸಬಹುದಾಗಿತ್ತು. ಹಾಗೆ ಮಾಡುವುದಿಲ್ಲವೆಂದು ನನಗೆ ನನ್ನ ಮೇಲೆ ಭರವಸೆ ಇರಲಿಲ್ಲ. ಆದ್ದರಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟು, ಕಲಬುರಗಿಯಲ್ಲಿ ಬದಲಿಸಿ, ಆಳಂದದಲ್ಲಿ ಇಳಿದು ಮಟಕಿಗೆ ಹೋದೆ.

ಟೀಚರ್ ಬಾಗಿಲು ತೆರೆದರು. ಒಳಗೆ ಹೋಗಿ ಚಾಪೆ ತಂದು ಹಾಸಿದರು, ತಂಬಿಗೆಯಲ್ಲಿ ನೀರು ಕೊಟ್ಟರು. ಗೋಡೆಯ ಮೇಲೆ ತಾಯಿಯ ಫೋಟೋ ಇತ್ತು. ನಾನು ಕೇಳಬೇಕಾದ ರೀತಿಯಲ್ಲಿ ಕೇಳಿದೆ. ಅವರು ಹೇಳಬೇಕಾದ ರೀತಿಯಲ್ಲಿ ಮೊದಲಿನಿಂದ ಹೇಳಿದರು: ಬುಧವಾರ ಬೆಳಿಗ್ಗೆ ಗಂಜಿ ಕುಡಿದದ್ದು, ಹತ್ತರ ಹೊತ್ತಿಗೆ ಮಾತು ತೊದಲಿದ್ದು, ಆಳಂದದ ಆಸ್ಪತ್ರೆಗೆ ಜೀಪು ಮಾಡಿಸಿದ್ದು, ಹಾದಿಯಲ್ಲೇ ಹೋದದ್ದು. ಹಲವರಿಗೆ ಹೇಳಿ ಸವೆದ ಮಾತುಗಳು.

ಈಗ ನಾನು ಏನಾದರೂ ಹೇಳಬೇಕಿತ್ತು. ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದದ್ದು ಬಾಯಿಗೆ ಬರಲಿಲ್ಲ. ಕೊನೆಗೆ ನಿಜವಾಗಿ ನನಗೆ ಗೊತ್ತಿದ್ದದ್ದನ್ನೇ ಹೇಳಿದೆ.

“ನಮ್ಮವ್ವ ಹೋದಾಗ್ರಿ, ಹಗ್ಗದ ಮ್ಯಾಲ ಆಕಿ ಸೀರಿ ಒಣಗಿತ್ತು. ಅದನ್ನ ತಗೀಲಿಕ್ಕೆ ನನಗ…”

“ಆರು ದಿನ ಕೈ ಬರಲಿಲ್ಲ,” ಎಂದರು ಟೀಚರ್. “ಅದನ್ನ ಆವಾಗ ಬರದೀರಿ ಅಣ್ಣಾರ. ಗೊಬ್ಬರದಂಗಡಿಯವರ ಹೆಸರಿಲೆ.”

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಮಕ್ಕಳಿಗೆ ಈ ಪಾಠ ಹೋದ ವಾರವೇ ಆಗಿದೆ ಎಂದು ಹೇಳುವಂತೆ ಹೇಳಿದರು. ಇನ್ನೊಂದು ಮಾತಿಗಾಗಿ ಹುಡುಕಿದೆ. ದೇವರ ಇಚ್ಛೆಯ ಮಾತು ಒಬ್ಬನ ಹೆಸರಿನಲ್ಲಿ ಹೋಗಿತ್ತು. ನೀವು ಮಾಡಿದ ಸೇವೆ ಯಾರೂ ಮಾಡುವುದಿಲ್ಲವೆಂಬ ಮಾತು ಇನ್ನೊಬ್ಬನ ಹೆಸರಿನಲ್ಲಿ ಹೋಗಿತ್ತು. ನನ್ನಲ್ಲಿದ್ದದ್ದೆಲ್ಲ ಐವರಿಗೆ ಹಂಚಿಹೋಗಿ, ಎದುರಿಗೆ ಕುಳಿತವನ ಪಾಲಿಗೆ ಏನೂ ಇರಲಿಲ್ಲ. ಆದ್ದರಿಂದ ಸುಮ್ಮನೆ ಕುಳಿತೆ. ಅವರೂ ಸುಮ್ಮನೆ ಕುಳಿತರು. ಗೋಡೆಯ ಗಡಿಯಾರ ಇಬ್ಬರ ಕಣ್ಣಿಗೂ ಬೀಳುವಲ್ಲಿತ್ತು. ಹನ್ನೊಂದೂ ಇಪ್ಪತ್ತಾಯಿತು. ಹನ್ನೊಂದೂವರೆ ಆಯಿತು. ಹನ್ನೊಂದೂ ನಲವತ್ತಕ್ಕೆ ಅವರು ಎದ್ದು, “ಚಾ ಮಾಡ್ತೇನಿ ಕೂಡ್ರಿ,” ಎಂದು ಒಳಗೆ ಹೋದರು. ಚಹಾ ಕುಡಿದು, ಬರುತ್ತೇನೆಂದು ಹೇಳದೆ ಎದ್ದೆ. ಸಾವಾದ ಮನೆಯಿಂದ ಹಾಗೆಯೇ ಏಳಬೇಕು. ಅವರು ಬಾಗಿಲ ತನಕ ಬರಲಿಲ್ಲ.

ಹಿಂದಿರುಗುವಾಗ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಜೇವರ್ಗಿಯ ಬಸ್ಸಿಗೆ ಕಾಯುತ್ತಿದ್ದಾಗ ಗೊಬ್ಬರದಂಗಡಿಯ ಗೆಳೆಯನ ಫೋನ್ ಬಂತು.

“ಸಾಹೇಬ, ಇವತ್ತೂ ಆಗಲಿಲ್ಲೊ ಮಾರಾಯ. ಲೋಡ್ ಬಂದಿತ್ತು, ಹಮಾಲರು ಬಂದಿದ್ದಿಲ್ಲ. ಬರೂ ಐತಾರ ಮಾತ್ರ ಪಕ್ಕಾ. ಹತ್ತೂವರಿಗಲ್ಲ?”

ಬಂದರು ಅಳಿದು ಎರಡು ತಾಸಿನ ಮೇಲಾಗಿತ್ತು. ಅದನ್ನು ತಿಳಿಸುವುದು ಕಾರ್ಯದರ್ಶಿಯಾಗಿ ನನ್ನ ಕರ್ತವ್ಯವಾಗಿತ್ತು.

“ಹೌದು, ಹತ್ತೂವರಿಗೆ,” ಎಂದೆ.